ಕಡಲಪಾಚಿಗೆ ನಾಚಿಕೆ ಯಾಕೆ?

"ಐರ್ಲೆಂಡಿನವರ ಅಡುಗೆ ಅಂದರೆ ಬೇಯಿಸಿದ ಬಟಾಟೆ, ಮತ್ತೇನಿದೆ?" ಎಂದು ನಗುವವರು ಮರ್ಟಲ್ ಅಲೆನ್ ಹೆಸರು ಕೇಳಿರಲಿಕ್ಕಿಲ್ಲ. ಕೇಳಿದವರೋ, "ಹಳೇ ರುಚಿ ಉಳಿಸಿದ ಅಜ್ಜಿ" ಎಂದು ಹೊಗಳಿ ಸುಮ್ಮನಾಗುತ್ತಾರೆ. ನನ್ನ ತಕರಾರು ಆ ಹೊಗಳಿಕೆಯ ಮೇಲೆಯೇ.

1964ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಕಾರ್ಕ್ ಜಿಲ್ಲೆಯ ಬ್ಯಾಲಿಮಲೂ ಎಂಬ ತಮ್ಮ ಮನೆಯ ಊಟದ ಕೋಣೆಯನ್ನೇ ಆಕೆ ಹೋಟೆಲ್ ಮಾಡಿದರು. ಗಂಡ ಐವನ್ ಕೃಷಿಕ. ಆಕೆ ಯಾವ ದೊಡ್ಡ ಬಾಣಸಿಗನ ಕೈಕೆಳಗೂ ಪಳಗಿದವರಲ್ಲ. ಆಗ ಅಲ್ಲಿನ ದೊಡ್ಡ ಹೋಟೆಲುಗಳಲ್ಲಿ ಮರ್ಯಾದೆ ಇದ್ದದ್ದು ಫ್ರೆಂಚ್ ಹೆಸರಿನ ಊಟಕ್ಕೆ. ಆಕೆ ಮಾತ್ರ ಬ್ಯಾಲಿಕಾಟನ್ ಬಂದರಿಗೆ ಯಾವ ಮೀನು ಬಂತು, ತೋಟದಲ್ಲಿ ಏನು ಬೆಳೆದಿದೆ ಎಂದು ನೋಡಿ ಆಯಾ ದಿನದ ಮೆನು ಬರೆದರು.

ಆ ಮೇಜಿಗೆ ಕ್ಯಾರಗೀನ್ ಪುಡ್ಡಿಂಗ್ ಕೂಡ ಬಂತು. ಕ್ಯಾರಗೀನ್ ಎಂದರೆ ಬಂಡೆಗೆ ಅಂಟಿ ಬೆಳೆಯುವ ಕಡಲಪಾಚಿ. ಒಣಗಿಸಿದ್ದನ್ನು ಹಾಲಿನಲ್ಲಿ ಮೆಲ್ಲಗೆ ಕುದಿಸಿ, ಸೋಸಿ, ಸಕ್ಕರೆ, ಮೊಟ್ಟೆ ಸೇರಿಸಿ ತಣಿಯಲು ಬಿಟ್ಟರೆ ತನ್ನಷ್ಟಕ್ಕೇ ಗಟ್ಟಿಯಾಗುತ್ತದೆ. ಜೆಲಟಿನ್ ಬೇಡವೇ ಬೇಡ. ಪೊಟ್ಟಣ ತಿರುಗಿಸಿ ಹಲಾಲ್ ಹುಡುಕುವ ನಮಗೆ ಇದು ಸಣ್ಣ ವಿಷಯವಲ್ಲ. ಅಲ್ಲಿನ ಮನೆಗಳಲ್ಲಿ ಅದು ಕೆಮ್ಮಿಗೆ ಮದ್ದು. ಜೊತೆಗೆ ಹಸಿವಿನ ನೆನಪೂ ಹೌದು: 1845ರಿಂದ ಬಟಾಟೆ ಕೊಳೆತು ಸುಮಾರು ಹತ್ತು ಲಕ್ಷ ಜನ ಸತ್ತ ಕ್ಷಾಮದಲ್ಲಿ ಕರಾವಳಿಯವರು ಕಡಲಪಾಚಿ, ಮರುವಾಯಿಯಂಥವನ್ನು ಹೆಕ್ಕಿ ತಿಂದಿದ್ದರು. ಅಂಥದ್ದನ್ನು ಅತಿಥಿಯ ಮುಂದಿಡಲು ಧೈರ್ಯ ಬೇಕು. ನೆಂಟರು ಬಂದರೆ ಪುಂಡಿಯ ಪಾತ್ರೆಗೆ ಮುಚ್ಚಳ ಹಾಕಿ ಪೇಟೆಯಿಂದ ಪಾರ್ಸೆಲ್ ತರಿಸುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1975ರಲ್ಲಿ ಮಿಶೆಲಿನ್ ನಕ್ಷತ್ರ ಬಂತು. ಅದು ಬಂದ ಮೇಲೆ ಊಟಕ್ಕೆ ಬೆಲೆ ಬಂತು ಎನ್ನುವವರಿಗೆ ಒಂದೇ ಪ್ರಶ್ನೆ: ನಕ್ಷತ್ರದ ಹಿಂದಿನ ದಿನ ಆ ಮೀನಿನ ರುಚಿ ಬೇರೆ ಇತ್ತೇ?

"ಊರಿನದ್ದು, ಸಾಂಪ್ರದಾಯಿಕ ಎಂದು ಹೇಳಿ ದುಬಾರಿಗೆ ಮಾರುವುದಷ್ಟೇ" ಎಂಬ ಮಾತೂ ಇದೆ. ಬ್ಯಾಲಿಮಲೂ ಬಡವರು ದಿನಾ ಉಣ್ಣುವ ಜಾಗ ಅಲ್ಲ, ಒಪ್ಪೋಣ. ಆದರೆ ದುಡ್ಡು ಎಲ್ಲಿಗೆ ಹೋಯಿತು ಎಂದೂ ಕೇಳಬೇಕಲ್ಲ? ಪಕ್ಕದ ದೋಣಿಯವನಿಗೆ, ನೆರೆಯ ಕೃಷಿಕನಿಗೆ. 1986ರಲ್ಲಿ ಯೂರೋ-ಟೋಕ್ ಎಂಬ ಬಾಣಸಿಗರ ಸಂಘದ ಐರಿಷ್ ಶಾಖೆ ಕಟ್ಟಿದವರಲ್ಲಿ ಆಕೆಯೂ ಒಬ್ಬರು. ಸಣ್ಣ ಉತ್ಪಾದಕರ ಪರ ಮಾತಾಡುವುದು ಅದರ ಕೆಲಸ. ಹಳೇ ರುಚಿಯ ನೆನಪಿನಲ್ಲಿ ಕೂತ ಅಜ್ಜಿಗೆ ಸಂಘ ಕಟ್ಟುವ ಉಸಾಬರಿ ಯಾಕೆ ಬೇಕಿತ್ತು?