ಬುತ್ತಿಗೆ ಪೇಢೆ

ಊರಿಗೆ ಹೊರಟವರಿಗೆಲ್ಲ ‘ಬರುವಾಗ ಅಲ್ಲಿಯ ತಿಂಡಿ ತನ್ನಿ’ ಎನ್ನುವುದು ನನ್ನ ಚಾಳಿ. ಬೆಳಗಾವಿಯಿಂದ ಕುಂದಾ, ಗೋಕಾಕದಿಂದ ಕರದಂಟು ನಮ್ಮ ಲಕಮನಹಳ್ಳಿಯ ಮನೆಗೆ ಬರಲೇಬೇಕು. ನಾನೇ ಹೊರಟರಂತೂ ಬಸ್ ನಿಂತಲ್ಲೆಲ್ಲ ಗಿರಮಿಟ್ಟು, ಮಿರ್ಚಿಯ ಸಮಾರಾಧನೆ!

ಹೋದ ವರ್ಷ ಮಗ ಬೆಂಗಳೂರಿನ ಕಾಲೇಜಿಗೆ ಹೊರಟ. ಬುತ್ತಿಗೆ ಏನು ಕಟ್ಟುವುದು? ನಮ್ಮಲ್ಲಿ ಪೇಢೆಯೇ ಸೈ. ಹಾಲಿನ ನೀರು ಇಂಗಿ ಸಕ್ಕರೆ ಸೇರಿರುವುದರಿಂದ ನಾಲ್ಕು ದಿನ ಕೆಡುವುದಿಲ್ಲ. ಅದೂ ದೂರದಿಂದ ಬಂದದ್ದೇ. 19ನೆಯ ಶತಮಾನದಲ್ಲಿ ಈಗಿನ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ವಲಸೆ ಬಂದ ಠಾಕೂರ್ ಮನೆತನ ಧಾರವಾಡದಲ್ಲಿ ಪೇಢೆ ಮಾಡಿ ಬದುಕು ಕಟ್ಟಿಕೊಂಡಿತು.

ಅಂಗಡಿಗೆ ಹೋಗದೆ ನಾನೇ ಮಾಡುವ ಹುಕಿ ಬಂತು. 2 ಲೀಟರ್ ಎಮ್ಮೆ ಹಾಲು ಖೋವಾ ಆಗುವಾಗ ಉಳಿದದ್ದು 400 ಗ್ರಾಂನಷ್ಟು. ಸಕ್ಕರೆ ಹಾಕಿ ಕಂದುಬಣ್ಣ ಬರುವತನಕ ಹುರಿಯಬೇಕು. ಫೋನ್ ಬಂತೆಂದು ಎದ್ದುಹೋದೆ, ತಳ ಹಿಡಿಯಿತು! ಬೇರೆ ಮಾಡಲು ಹೊತ್ತಿರಲಿಲ್ಲ. ಸೀದ ವಾಸನೆಯ ಪೇಢೆಯನ್ನೇ ಡಬ್ಬಿಗೆ ತುಂಬಿ ಕಳಿಸಿದೆ. ವಾರವೆಲ್ಲ ಅದೇ ಕೊರಗು.

ತಿಂಗಳಾದ ಮೇಲೆ ಮಗನ ಫೋನು: ‘ಅವ್ವಾ, ರೂಮಿನ್ಯಾಗ ಹಾಲು ಕಾಸಾಕತ್ತೇನಿ. ಪೇಢೇಕ್ಕ ಉರಿ ಎಷ್ಟು ಇಡಬೇಕು?’

‘ಯಾಕೋ, ಅಲ್ಲಿ ಅಂಗಡ್ಯಾಗ ಸಿಗೂದಿಲ್ಲೇನು?’

‘ಸಿಗತಾವ. ಆದ್ರ ನಿನ್ನ ಪೇಢೇದ ಸೀದ ವಾಸನಿ ಇರೂದಿಲ್ಲ!’

ನಗುವೂ ಬಂತು, ಕಣ್ಣೂ ತುಂಬಿತು. ‘ಉರಿ ಸಣ್ಣಗ ಇಡು. ಮೊದಲ ಫೋನ್ ಇಡು, ಕೈಯಾಡಸು!’ ಎಂದೆ.