ಮಿಸ್ ಹೊಡೆಯುವ ಲಾರಿಯೂ ನಮ್ಮ ಪ್ರಯೋಗಶಾಲೆಯೂ

ಪಾವಗಡ ತಾಲ್ಲೂಕಿನ ತಿರುಮಣಿಯ ಹೆಸರು ಈಗ ದೂರದವರಿಗೂ ಪರಿಚಿತವಾಗಿದೆ. ತಿರುಮಣಿಯೂ ಸೇರಿದಂತೆ ಐದು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ ಹರಡಿರುವ, 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಸ್ಥಾವರವೇ ಅದಕ್ಕೆ ಕಾರಣ. ಆದರೆ ನಾನು ಹೇಳಹೊರಟಿರುವುದು ಆ ಸ್ಥಾವರದ ವಿಚಾರವನ್ನಲ್ಲ. ಅಲ್ಲಿಯ ರಸ್ತೆಯ ಬದಿಯಲ್ಲಿ, ಹುಣಿಸೆಮರದ ನೆರಳಿನಲ್ಲಿ ನಾನು ಕಂಡ ಒಂದು ಪ್ರಯೋಗದ ವಿಚಾರವನ್ನು.

ಕಡಲೆಕಾಯಿ ಸಾಗಿಸುವ ಹಳೆಯ ಡೀಸೆಲ್ ಲಾರಿಯೊಂದು ರಿಪೇರಿಗೆ ಬಂದಿತ್ತು. ಓಡುವಾಗ ಹೇಗೋ ಓಡುತ್ತಿತ್ತು. ನಿಂತಲ್ಲಿ ಎಂಜಿನ್ನು ತಿರುಗುವಾಗ ಮಾತ್ರ ಚಳಿಜ್ವರ ಹಿಡಿದವರಂತೆ ಗಡಗಡನೆ ನಡುಗುತ್ತ ಬಿಳಿಯ ಹೊಗೆಯನ್ನು ಉಗುಳುತ್ತಿತ್ತು. ಮೆಕ್ಯಾನಿಕ್ಕರ ಮಾತಿನಲ್ಲಿ ಅದು ‘ಮಿಸ್ ಹೊಡೆಯುತ್ತಿತ್ತು’. ಒಬ್ಬರು ಫಿಲ್ಟರು ಹಾಳೆಂದಿದ್ದರು, ಇನ್ನೊಬ್ಬರು ಪಂಪು ಹಾಳೆಂದಿದ್ದರು. ಮಾಲೀಕನು ಸಾಲ ತಂದು ಎರಡನ್ನೂ ಸರಿಪಡಿಸಿದ್ದನು. ನಡುಕ ಮಾತ್ರ ನಿಂತಿರಲಿಲ್ಲ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು ಹದಿನಾರರಲ್ಲಿ ಒಂದು ಪಾಲಿಗೆ ಅದುಮಿದಾಗ ಅದರ ಉಷ್ಣಮಾನ 500 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಆಗ ನಾಜಲಿನಿಂದ ಮಂಜಿನಂತೆ ಸಿಂಪಡಿಸಲ್ಪಟ್ಟ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಎಂಜಿನ್ನು ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆಯೆನ್ನಿ. ಎರಡು ಸುತ್ತಿಗೊಮ್ಮೆ ಉರಿಯುವ ಆರು ಸಿಲಿಂಡರುಗಳಿಂದ ಸೆಕೆಂಡಿಗೆ 30 ತಳ್ಳುಗಳು ದೊರೆಯಬೇಕು. ಒಂದು ಸಿಲಿಂಡರು ಸತ್ತರೆ ಸೆಕೆಂಡಿಗೆ ಐದು ತಳ್ಳುಗಳು ತಪ್ಪುತ್ತವೆ. ಆ ನಡುಕವೇ ನಮಗೆ ತಿಳಿಯುವುದು. 1,800 ಸುತ್ತಿನ ವೇಗದಲ್ಲಿ ಫ್ಲೈವೀಲೆಂಬ ಭಾರವಾದ ಗಾಲಿಯ ಚಲನಶಕ್ತಿ ಒಂಬತ್ತು ಪಟ್ಟು ಹೆಚ್ಚಿರುವುದರಿಂದ ಅದೇ ದೋಷ ಅಷ್ಟಾಗಿ ತೋರುವುದಿಲ್ಲ.

ಮೆಕ್ಯಾನಿಕ್ಕನು ಯಾವುದನ್ನೂ ಬದಲಿಸಲು ಅವಸರಪಡಲಿಲ್ಲ. ಎಂಜಿನ್ನು ತಿರುಗುತ್ತಿರುವಾಗಲೇ ಮೊದಲನೆಯ ನಾಜಲಿಗೆ ಡೀಸೆಲ್ ತರುವ ನಳಿಗೆಯ ನಟ್ಟನ್ನು ಸಡಿಲಿಸಿದನು. ವೇಗ ಕುಸಿಯಿತು, ನಡುಕ ಹೆಚ್ಚಿತು. ಎಂದರೆ ಆ ಸಿಲಿಂಡರು ದುಡಿಯುತ್ತಿತ್ತು. ಅದನ್ನು ಬಿಗಿದು ಎರಡನೆಯದನ್ನು, ಬಳಿಕ ಮೂರನೆಯದನ್ನು ಪರೀಕ್ಷಿಸಿದನು. ನಾಲ್ಕನೆಯದನ್ನು ಸಡಿಲಿಸಿದಾಗ ಎಂಜಿನ್ನಿನ ಸದ್ದು ಬದಲಾಗಲೇ ಇಲ್ಲ. ಕಳ್ಳ ಸಿಕ್ಕಿಬಿದ್ದಿದ್ದನು! ಆದರೆ ಅವನು ಅಲ್ಲಿಗೇ ನಿಲ್ಲಲಿಲ್ಲ. ಎಂಜಿನ್ನನ್ನು ನಿಲ್ಲಿಸಿ, ನಾಲ್ಕನೆಯ ಮತ್ತು ಐದನೆಯ ನಾಜಲುಗಳನ್ನು ಅದಲುಬದಲು ಮಾಡಿ, ಪುನಃ ಪರೀಕ್ಷಿಸಿದನು. ಈಗ ಸತ್ತದ್ದು ಐದನೆಯ ಸಿಲಿಂಡರು. ದೋಷವು ನಾಜಲಿನ ಜೊತೆಯಲ್ಲಿಯೇ ನಡೆದುಹೋಗಿತ್ತು. ಅದು ನಾಲ್ಕರಲ್ಲಿಯೇ ಉಳಿದಿದ್ದರೆ ಕವಾಟವನ್ನೋ, ಪಿಸ್ಟನ್ ರಿಂಗುಗಳನ್ನೋ, ಆ ಸಿಲಿಂಡರಿಗೆ ಡೀಸೆಲ್ ಒತ್ತುವ ಪಂಪಿನ ಭಾಗವನ್ನೋ ಸಂದೇಹಿಸಬೇಕಾಗುತ್ತಿತ್ತು.

ಇಲ್ಲೊಂದು ಎಚ್ಚರಿಕೆ ಅವಶ್ಯಕ. ಅಧಿಕ ಒತ್ತಡದ ಡೀಸೆಲ್ ಚರ್ಮವನ್ನು ಭೇದಿಸಿ ಒಳಹೋಗಬಲ್ಲುದು. ಇದು ಪಳಗಿದ ಕೈಗಳ ಕೆಲಸ. ಸಾವಿರ ವಾಯುಭಾರಕ್ಕೂ ಮೀರಿದ ಒತ್ತಡದ ಈಚಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಹೀಗೆ ನಟ್ಟು ಸಡಿಲಿಸುವುದು ಸರ್ವಥಾ ಕೂಡದು. ಅಲ್ಲಿ ಇದೇ ತರ್ಕವನ್ನು ಗಣಕಯಂತ್ರ ನಡೆಸುತ್ತದೆ.

ಈ ಮೆಕ್ಯಾನಿಕ್ಕನಿಗೆ ಸ್ಪ್ಯಾನರು ಎತ್ತಿಕೊಡುತ್ತಿದ್ದವನು ಅವನ ಮಗ, ನನ್ನ ವಿದ್ಯಾರ್ಥಿ. ಕಳೆದ ಪರೀಕ್ಷೆಯಲ್ಲಿ ಅವನು ಲೋಲಕದ ಪ್ರಯೋಗದಿಂದ ಗುರುತ್ವವೇಗೋತ್ಕರ್ಷಕ್ಕೆ 912 ಎಂಬ ಬೆಲೆ ಪಡೆದು, ಅದನ್ನು ಅಳಿಸಿ 980 ಎಂದು ಬರೆದಿದ್ದನು. ನಾನು ಪೂರ್ಣ ಅಂಕಗಳನ್ನು ಕೊಟ್ಟಿದ್ದೆ. ಹುಣಿಸೆಮರದ ಕೆಳಗೆ ನಿಂತಾಗ ನನಗೆ ನಾಚಿಕೆಯಾಯಿತು. ಮನೆಯಲ್ಲಿ ದೋಷವನ್ನು ಬೆನ್ನಟ್ಟಲು ಕಲಿಯುವ ಹುಡುಗನಿಗೆ, ಕಾಲೇಜಿನಲ್ಲಿ ಅದನ್ನು ಮುಚ್ಚಿಡಲು ಕಲಿಸುತ್ತಿದ್ದವನು ನಾನೇ.

ಮೆಕ್ಯಾನಿಕ್ಕನದು ಬರಿಯ ಅನುಭವ, ವಿಜ್ಞಾನವಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಒಂದು ಸಾರಿಗೆ ಒಂದನ್ನು ಮಾತ್ರ ಬದಲಿಸುವುದು, ಉಳಿದುದನ್ನು ಇದ್ದಂತೆಯೇ ಬಿಡುವುದು, ಫಲ ಏನಾದೀತೆಂದು ಮೊದಲೇ ಊಹಿಸಿ ಆಮೇಲೆ ನೋಡುವುದು, ಇವನ್ನು ಬಿಟ್ಟು ಪ್ರಯೋಗವಿಜ್ಞಾನದಲ್ಲಿ ಬೇರೇನಿದೆ? ಪಂಪು, ಫಿಲ್ಟರುಗಳಿಗೆ ಹಣ ಸುರಿಸಿದ ಸಲಹೆಗಾರರಿಗೂ ಅನುಭವವಿತ್ತು; ಇಲ್ಲದುದು ಈ ಕ್ರಮ.

ಆದಕಾರಣ ನನ್ನ ಸೂಚನೆಯಿದು: ನಮ್ಮ ಪ್ರಾಯೋಗಿಕ ಪರೀಕ್ಷೆಗಳಲ್ಲಿ ಒಂದಾದರೂ ಕೆಟ್ಟ ಉಪಕರಣವನ್ನು ಬೇಕೆಂದೇ ಇಡಬೇಕು; ತಂತಿ ಕಡಿದ ವಿದ್ಯುನ್ಮಂಡಲವಾದರೂ ಸಾಕು. ದೋಷವನ್ನು ಹುಡುಕಿದ ಕ್ರಮಕ್ಕೆ ಅಂಕ ದೊರೆಯಬೇಕು. ವಿದ್ಯಾರ್ಥಿಮಿತ್ರರೇ, ನೀವೂ ಪರೀಕ್ಷೆಯವರೆಗೆ ಕಾಯಬೇಕಾಗಿಲ್ಲ. ಲೆಕ್ಕ ತಪ್ಪಿ 912 ಬಂದರೆ ಅಳಿಸಬೇಡಿರಿ. ದಾರದ ಉದ್ದವನ್ನು ಪುನಃ ಅಳೆಯಿರಿ, ಆಂದೋಲನಗಳನ್ನು ಪುನಃ ಎಣಿಸಿರಿ. ಯಾವ ಸಿಲಿಂಡರು ಸತ್ತಿದೆಯೆಂಬುದನ್ನು ಕಂಡುಹಿಡಿಯಿರಿ.