ಮನೆ ಪುಕ್ಕಟೆ, ಬೀಗಕ್ಕೆ ರೊಕ್ಕ!

2022ರ ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ ಉಕ್ರೇನ್ ದೇಶದ ಸಂಶೋಧಕನೊಬ್ಬನು ಅಂತರಜಾಲದಲ್ಲಿ ಬಾಗಿಲು ತೆರೆದುಕೊಂಡು ಬಿದ್ದಿದ್ದ ಎರಡು ಸರ್ವರುಗಳನ್ನು ಕಂಡನು. ಒಂದರಲ್ಲಿ 28 ಕೋಟಿಗೂ ಮಿಕ್ಕ ದಾಖಲೆಗಳು. ಇನ್ನೊಂದರಲ್ಲಿ 83 ಲಕ್ಷಕ್ಕೂ ಮಿಕ್ಕವು. ಯಾರ ದಾಖಲೆಗಳು? ಟಾಟಾ ಬಿರ್ಲಾಗಳವಲ್ಲ. ತಿಂಗಳು ತಿಂಗಳೂ ಸಂಬಳದಿಂದ ಪ್ರಾವಿಡೆಂಟ್ ಫಂಡಿಗೆ ಹಣ ಮುರಿಸಿಕೊಳ್ಳುವ ದುಡಿಯುವ ಜನರವು. ಯು.ಎ.ಎನ್. ಸಂಖ್ಯೆ, ಹೆಸರು, ಮದುವೆಯಾಗಿದೆಯೋ ಇಲ್ಲವೋ, ಕೆಲಸದ ಸ್ಥಿತಿ, ಬ್ಯಾಂಕಿನ ಖಾತೆಯ ಸಂಖ್ಯೆ, ಎಲ್ಲವೂ ಹಾದಿಬೀದಿಯವರ ಕಣ್ಣಿಗೆ! ಸಂಗತಿಯನ್ನು ಆತ ಬಹಿರಂಗವಾಗಿ ಸಾರಿದ ಒಂದು ದಿನದೊಳಗೆ ಎರಡೂ ಸರ್ವರುಗಳು ಮಾಯವಾದವು. ಅವುಗಳ ಒಡೆಯ ಯಾರೆಂಬುದು ಮಾತ್ರ ಆತನಿಗೆ ತಿಳಿಯಲಿಲ್ಲ.

ವಾಚಕ ಬಂಧುಗಳೇ, ನಿಮ್ಮಲ್ಲಿ ಯಾರ ಮನೆಗಾದರೂ "ನಿಮ್ಮ ಲೆಕ್ಕದ ಕಾಗದ ಬೀದಿಗೆ ಬಿದ್ದಿತ್ತು, ಎಚ್ಚರವಾಗಿರಿ" ಎಂದು ಒಂದು ಸಾಲಿನ ಪತ್ರ ಬಂದಿತೇ? ನೀವೇ ಹೇಳಿ.

ಆ ಸರ್ವರುಗಳಲ್ಲಿ ಓಡುತ್ತಿದ್ದ ತಂತ್ರಾಂಶದ ಹೆಸರು ಎಲಾಸ್ಟಿಕ್‌ಸರ್ಚ್. ಈ ಹೆಸರು ಗಿರಣಿಯಲ್ಲಿ ದುಡಿಯುವವನಿಗೂ ಅಂಗಡಿಯಲ್ಲಿ ಕೂತವನಿಗೂ ಬೇಡದ ಸಂಗತಿ ಎಂದು ಪುಟ ತಿರುಗಿಸಬೇಡಿ. ಅದರ ಚರಿತ್ರೆಯಲ್ಲಿ ನಮಗೆಲ್ಲ ಪಾಠವಾಗುವ ಒಂದು ವ್ಯಾಪಾರದ ಗುಟ್ಟು ಅಡಗಿದೆ.

ಗುಮಾಸ್ತೆಯ ಕಥೆ

ಹುಡುಕುವ ಸರ್ವರು ಎಂದರೇನು? ಮಂಡಿಯಲ್ಲಿ ಕೂತ ಹಳೆಯ ಗುಮಾಸ್ತೆಯನ್ನು ನೆನೆದುಕೊಳ್ಳಿ. ಕಿರ್ದಿ ಖಾತೆಗಳೆಲ್ಲ ಅವನ ವಶದಲ್ಲಿವೆ. "ಬಸಪ್ಪನವರ ಬಾಕಿ ಎಷ್ಟು?" ಎಂದು ಚೀಟಿ ಕೊಟ್ಟರೆ ಅವನು ಮೊದಲ ಹಾಳೆಯಿಂದ ಓದುತ್ತ ಹೋಗುವುದಿಲ್ಲ. ಯಾವ ಹೆಸರು ಯಾವ ಪುಟದಲ್ಲಿದೆ ಎಂಬ ಪಟ್ಟಿಯೊಂದನ್ನು ಮೊದಲೇ ಮಾಡಿಟ್ಟುಕೊಂಡು ನೇರ ಆ ಪುಟಕ್ಕೇ ಕೈ ಹಾಕುತ್ತಾನೆ. ಕೋಟಿಗಟ್ಟಲೆ ದಾಖಲೆಗಳಲ್ಲಿ ಈ ಕೆಲಸವನ್ನು ಕ್ಷಣಮಾತ್ರದಲ್ಲಿ ಮಾಡುವ ಯಂತ್ರದ ಗುಮಾಸ್ತೆಯೇ ಈ ಸರ್ವರು.

ಇದನ್ನು ಕಟ್ಟಿದ ಶೇ ಬ್ಯಾನನ್ ಎಂಬಾತ ಈ ದಾರಿಗೆ ಬಂದ ಬಗೆ ಸ್ವಾರಸ್ಯವಾಗಿದೆ. ಲಂಡನ್ನಿನಲ್ಲಿ ಪಾಕಶಾಸ್ತ್ರ ಕಲಿಯುತ್ತಿದ್ದ ಹೆಂಡತಿಗೆ ಅಡುಗೆಯ ವಿಧಾನಗಳನ್ನು ಹುಡುಕಿಕೊಡುವ ಸಾಧನವೊಂದನ್ನು ಮಾಡಲು ಹೊರಟವನು ಅವನು. 2010ರಲ್ಲಿ ಎಲಾಸ್ಟಿಕ್‌ಸರ್ಚನ್ನು ಲೋಕಕ್ಕೆ ಬಿಟ್ಟನು. ಅದಕ್ಕೆ ಅಡಿಪಾಯವಾದದ್ದು ಲೂಸೀನ್ ಎಂಬ ಇನ್ನೊಂದು ತಂತ್ರಾಂಶ. 1999ರಲ್ಲಿ ಡಗ್ ಕಟಿಂಗ್ ಎಂಬವನು ತೊಡಗಿ ಅನೇಕರು ಸೇರಿ ಬೆಳೆಸಿದ್ದು, ಯಾರು ಬೇಕಾದರೂ ಬಳಸಬಹುದಾದದ್ದು. ಸಾರ್ವಜನಿಕರ ಬಾವಿಯಿಂದ ಸೇದಿದ ನೀರು ಅದು. 2012ರಲ್ಲಿ ಇದರ ಸುತ್ತ ಒಂದು ಕಂಪೆನಿ ಎದ್ದಿತು.

ಈಗ ಗುಮಾಸ್ತೆಯ ತಪ್ಪಿಗೆ ಬರೋಣ. ಬರೀ ಪ್ರಶ್ನೆಯನ್ನಷ್ಟೇ ಅಲ್ಲ, ಚಿಕ್ಕ ಲೆಕ್ಕದ ಆಜ್ಞೆಯನ್ನೂ ಚೀಟಿಯಲ್ಲಿ ಬರೆದು ಕಳಿಸುವ ಅನುಕೂಲವನ್ನು ಈ ತಂತ್ರಾಂಶದಲ್ಲಿ ಇಟ್ಟಿದ್ದರು. "ಬೆಲೆಯಲ್ಲಿ ರಿಯಾಯಿತಿ ಕಳೆದು, ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ ಕೊಡು" ಎಂಬಂಥ ಆಜ್ಞೆ. ಒಳ್ಳೆಯದೇ. ಆದರೆ ಚೀಟಿ ತಂದವನು ಯಾರೆಂದು ಗುಮಾಸ್ತೆ ಕೇಳುತ್ತಿರಲಿಲ್ಲ. ಬರೆದದ್ದು ಲೆಕ್ಕವೋ ಲೂಟಿಯೋ ಎಂದು ನೋಡುತ್ತಲೂ ಇರಲಿಲ್ಲ. "ಬಾಕಿ ಹೇಳು, ಹಾಗೆಯೇ ತಿಜೋರಿಯ ಕೀಲಿಯನ್ನೂ ತಂದುಕೊಡು, ಹಿತ್ತಿಲ ಬಾಗಿಲನ್ನೂ ತೆಗೆದಿಡು" ಎಂದು ಬರೆದರೆ ಅದನ್ನೂ ಚಾಚೂ ತಪ್ಪದೆ ಮಾಡುತ್ತಿದ್ದ! ಸಾವಿರಾರು ಮೈಲಿ ದೂರದಲ್ಲಿ ಕೂತವನು ಇನ್ನೊಬ್ಬರ ಯಂತ್ರದಲ್ಲಿ ತನ್ನ ಆಜ್ಞೆ ನಡೆಸುವುದು ಎಂದರೆ ಇದೇ. ಈ ಬಗೆಯ ದೋಷಗಳಲ್ಲಿ ಇದಕ್ಕಿಂತ ಕೆಟ್ಟದ್ದು ವಿರಳ.

2014ರಲ್ಲಿ ಈ ದೋಷ ಬಯಲಿಗೆ ಬಂತು. 1.2ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಈ ಅನುಕೂಲವು, ಮಾಲೀಕನು ಬೇಡವೆಂದು ಮುಚ್ಚದಿದ್ದರೆ, ತಾನಾಗಿಯೇ ತೆರೆದಿರುತ್ತಿತ್ತು. ಗಮನಿಸಿ: ತೆರೆಯಬೇಕಾದ್ದಲ್ಲ, ಮುಚ್ಚಬೇಕಾದ್ದು. ಅದೇ ವರ್ಷದ ಜುಲೈ ಹೊತ್ತಿಗೆ, ಅಮೆಜಾನಿನಲ್ಲಿ ಬಾಡಿಗೆಗೆ ಹಿಡಿದ ಯಂತ್ರಗಳೊಳಗೆ ಕಳ್ಳರು ಇದೇ ಬಿರುಕಿನಿಂದ ನುಗ್ಗಿ, ಅವುಗಳನ್ನು ಬೇರೆಯವರ ಮೇಲೆ ದಾಳಿ ಮಾಡುವ ಬಿಟ್ಟಿ ಆಳುಗಳನ್ನಾಗಿ ಮಾಡಿಕೊಂಡಿದ್ದನ್ನು ಕ್ಯಾಸ್ಪರ್ಸ್ಕಿ ಸಂಸ್ಥೆಯವರು ವರದಿ ಮಾಡಿದರು. ಬಾಡಿಗೆ ಕಟ್ಟುವವನು ಒಬ್ಬ, ದುಡಿಸಿಕೊಳ್ಳುವವನು ಇನ್ನೊಬ್ಬ!

ಕಂಪೆನಿ ಆ ಬಾಗಿಲನ್ನು ಮುಚ್ಚಿತು. ಬಳಿಕ ಗ್ರೂವಿ ಎಂಬ ಬೇರೊಂದು ಭಾಷೆಯಲ್ಲಿ, ಸುತ್ತ ಬೇಲಿ ಹಾಕಿ, ಅದೇ ಅನುಕೂಲವನ್ನು ಮತ್ತೆ ತಂದಿತು. 2015ರ ಫೆಬ್ರುವರಿಯಲ್ಲಿ ಆ ಬೇಲಿಯನ್ನು ಹಾರುವ ದಾರಿಯೂ ಗೊತ್ತಾಯಿತು; ಮತ್ತೆ ಮುಚ್ಚಬೇಕಾಯಿತು. ದೋಷ ಇವರೊಬ್ಬರದೇ ಎಂದು ನಾವು ಹೇಳುವುದಿಲ್ಲ. ಲಾಭದ ಹಂಗಿಲ್ಲದ ಅಪಾಚೆ ಪ್ರತಿಷ್ಠಾನದ ಸೋಲ್ರ್ ಎಂಬ ಹುಡುಕು ಸರ್ವರಿನಲ್ಲಿಯೂ 2019ರಲ್ಲಿ ಇಂಥದೇ ಬಿರುಕು ಕಂಡಿತು. ಮನುಷ್ಯರು ಕಟ್ಟಿದ ಗೋಡೆ ಬಿರುಕು ಬಿಡುತ್ತದೆ. ಬಿರುಕು ಪಾಪವಲ್ಲ. ಪಾಪ ಇರುವುದು ಬೇರೆ ಕಡೆ.

ಬೀಗದ ವ್ಯಾಪಾರ

ಮೇಲಿನ ಕಥೆಯಲ್ಲಿ ಒಂದು ಮಾತನ್ನು ಹಿಡಿದುಕೊಳ್ಳಿ: ಚೀಟಿ ತಂದವನು ಯಾರೆಂದು ಗುಮಾಸ್ತೆ ಕೇಳುತ್ತಿರಲಿಲ್ಲ. ಏಕೆ? ಗುಪ್ತಪದ ಕೇಳುವ, ಇಂಥವನಿಗೆ ಇಷ್ಟೇ ಅಧಿಕಾರ ಎಂದು ಗೆರೆ ಎಳೆಯುವ ಏರ್ಪಾಡೇ ಆ ತಂತ್ರಾಂಶದಲ್ಲಿರಲಿಲ್ಲ. ಒಳಮನೆಯಲ್ಲಿಟ್ಟು ಬಳಸಿ, ಹೊರಗೋಡೆಯನ್ನು ನೀವೇ ಕಟ್ಟಿಕೊಳ್ಳಿ ಎಂಬುದು ತಯಾರಕರ ನಿಲುವು. 2014ರ ದೋಷ ಬಯಲಾದಾಗಲೂ, ಬೇರೆಯಾಗಿಟ್ಟ ಯಂತ್ರದಲ್ಲಿ ಓಡಿಸದಿದ್ದುದು ಬಳಸುವವನ ತಪ್ಪು ಎಂಬ ಅರ್ಥದ ಸಮಜಾಯಿಷಿ ದೋಷದ ಅಧಿಕೃತ ದಾಖಲೆಯಲ್ಲಿಯೇ ಸೇರಿತು.

2015ರ ಜನವರಿಯಲ್ಲಿ ಕಂಪೆನಿಯವರು ಬೀಗವನ್ನು ತಯಾರಿಸಿದರು. ಶೀಲ್ಡ್, ಅಂದರೆ ಗುರಾಣಿ ಎಂದು ಹೆಸರಿಟ್ಟರು. ಆದರೆ ಪುಕ್ಕಟೆಯಲ್ಲ, ಚಂದಾ ಕಟ್ಟಿದವರಿಗೆ! ಮನೆ ಎಲ್ಲರಿಗೂ ಧರ್ಮಕ್ಕೆ; ಬೀಗ ಮಾತ್ರ ಉಳ್ಳವರಿಗೆ. ಚಂದಾ ಕಟ್ಟಲಾರದ ಸಣ್ಣ ವ್ಯಾಪಾರಿ, ಸಣ್ಣ ಕಚೇರಿ, ಸಣ್ಣ ಆಸ್ಪತ್ರೆ ಬಾಗಿಲಿಗೆ ಕಲ್ಲು ಒರಗಿಸಿ ಮಲಗಬೇಕು.

ಅದರ ಫಲ 2017ರ ಜನವರಿಯಲ್ಲಿ ಕಂಡಿತು. ತೆರೆದು ಬಿದ್ದಿದ್ದ ಸಾವಿರಾರು ಎಲಾಸ್ಟಿಕ್‌ಸರ್ಚ್ ಸರ್ವರುಗಳಿಗೆ ಸುಲಿಗೆಕೋರರು ನುಗ್ಗಿದರು. ಬಿರುಕು ಹುಡುಕುವ ಕಷ್ಟವೂ ಅವರಿಗೆ ಬೀಳಲಿಲ್ಲ, ಬಾಗಿಲೇ ಇರಲಿಲ್ಲವಲ್ಲ! ಇದ್ದ ದಾಖಲೆಗಳನ್ನೆಲ್ಲ ಅಳಿಸಿ, "0.2 ಬಿಟ್‌ಕಾಯಿನ್ ಕಳಿಸಿದರೆ ವಾಪಸು" ಎಂಬ ಚೀಟಿ ಅಂಟಿಸಿ ಹೋದರು.

ಆಗಲಾದರೂ ಬೀಗ ಧರ್ಮಕ್ಕೆ ಬಂತೇ? ಇಲ್ಲ. 2018ರ ಅಕ್ಟೋಬರಿನಲ್ಲಿ ಕಂಪೆನಿ ನ್ಯೂಯಾರ್ಕಿನ ಷೇರುಪೇಟೆಗೆ ಬಂತು. ಬೀಗ ಇನ್ನೂ ಮಾರಾಟದ ಸರಕೇ. 2019ರ ಮಾರ್ಚಿಯಲ್ಲಿ, ಅದಕ್ಕಿಂತ ಎಷ್ಟೋ ಪಾಲು ದೊಡ್ಡ ಸಾಹುಕಾರನಾದ ಅಮೆಜಾನ್, ಇದೇ ತಂತ್ರಾಂಶವನ್ನು ಬೀಗಸಮೇತ ಪುಕ್ಕಟೆಯಾಗಿ ಹಂಚತೊಡಗಿತು. ಎರಡು ತಿಂಗಳು ಕಳೆದು ಕೆಲವೇ ದಿನಗಳಾಗಿದ್ದವು ಎನ್ನುವಷ್ಟರಲ್ಲಿ, ಅದೇ ವರ್ಷದ ಮೇ ತಿಂಗಳಲ್ಲಿ, ಮೂಲ ಕಂಪೆನಿಯೂ ಬೀಗವನ್ನು ಪುಕ್ಕಟೆ ಮಾಡಿತು! ಸಾವಿರಾರು ಬಡಪಾಯಿಗಳ ಮನೆ ಲೂಟಿಯಾದಾಗ ತೆರೆಯದ ಕಣ್ಣು, ಎದುರಂಗಡಿ ತೆರೆದ ಕೂಡಲೇ ತೆರೆಯಿತು. ಈ ಎರಡು ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಾವು ಹೆಚ್ಚು ಹೇಳಬೇಕಾದ್ದಿಲ್ಲ. ಹೊಸದಾಗಿ ಹಾಕಿದ ಸರ್ವರಿಗೆ ಬೀಗ ತಾನಾಗಿ ಬೀಳುವ ಏರ್ಪಾಡು ಬಂದದ್ದಂತೂ 8.0 ಆವೃತ್ತಿಯಲ್ಲಿ, 2022ರ ಫೆಬ್ರುವರಿಯಲ್ಲಿ. 2010ರಿಂದ ಲೆಕ್ಕ ಹಾಕಿದರೆ ಹನ್ನೆರಡು ವರ್ಷ!

ಮೂರು ಸಬೂಬುಗಳು

ಮೊದಲನೆಯ ಸಬೂಬು: ದಾನಕ್ಕೆ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು. ಒಪ್ಪೋಣ, ದಾನವಾಗಿದ್ದರೆ! ಮನೆಮಾತಾಗುವಷ್ಟು ಹರಡಿದ ಮೇಲೆ ಬೀಗ ಮಾರಿ ಲಾಭ ಮಾಡುವುದು ದಾನವಲ್ಲ, ಅಂಗಡಿಯವನು ಮೊದಲು ರುಚಿ ತೋರಿಸುವ ಉಪಾಯ. ಬ್ರೇಕಿಲ್ಲದ ಬಸ್ಸನ್ನು ಪುಕ್ಕಟೆ ಓಡಿಸಿ, ಬ್ರೇಕು ಬೇಕಾದವರು ಬೇರೆ ಟಿಕೆಟು ಕೊಳ್ಳಿರಿ ಎಂದರೆ ಯಾರಾದರೂ ಅದನ್ನು ಧರ್ಮಬುದ್ಧಿ ಎಂದಾರೆಯೇ?

ಎರಡನೆಯದು: ಸರಿಯಾಗಿ ಕೂರಿಸದ ನೌಕರನ ತಪ್ಪು. ಈ ಸಬೂಬನ್ನು ಕಾರ್ಮಿಕರು ಚೆನ್ನಾಗಿ ಬಲ್ಲರು. ಯಂತ್ರಕ್ಕೆ ರಕ್ಷಣೆಯ ಜಾಲರಿ ಹಾಕಿಸದ ಮಾಲೀಕನು, ಬೆರಳು ಹೋದ ಮೇಲೆ ಕೂಲಿಯವನ ಅಜಾಗ್ರತೆ ಎಂದು ಬರೆಸುವುದಿಲ್ಲವೇ? ಅಮೆರಿಕದ ಈಕ್ವಿಫ್ಯಾಕ್ಸ್ ಎಂಬ ಸಾಲಯೋಗ್ಯತೆ ನೋಡುವ ಕಂಪೆನಿಯಲ್ಲಿ ನಡೆದದ್ದನ್ನು ನೋಡಿ. ಅಲ್ಲಿದ್ದದ್ದು ಹುಡುಕು ಸರ್ವರಲ್ಲ, ಸ್ಟ್ರಟ್ಸ್ ಎಂಬ ಬೇರೆ ತಂತ್ರಾಂಶ. ಆದರೆ ಬಿರುಕು ಇದೇ ಜಾತಿಯದು. 2017ರ ಮಾರ್ಚಿಯಲ್ಲಿಯೇ ಮದ್ದು ಬಂದಿತ್ತು. ಹಚ್ಚಲಿಲ್ಲ. ಮೇ ತಿಂಗಳಲ್ಲಿ ಒಳಹೊಕ್ಕ ಕಳ್ಳರನ್ನು ಜುಲೈ ಕೊನೆಯವರೆಗೂ ಯಾರೂ ಗಮನಿಸಲಿಲ್ಲ. ಸುಮಾರು 14.7 ಕೋಟಿ ಜನರ ವಿವರ ಹೋಯಿತು. ಅಕ್ಟೋಬರಿನಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ನಿಂತ ಅದರ ಹಿಂದಿನ ಮುಖ್ಯಾಧಿಕಾರಿ ರಿಚರ್ಡ್ ಸ್ಮಿತ್, ಒಬ್ಬ ನೌಕರ ಸುದ್ದಿ ಮುಟ್ಟಿಸಲಿಲ್ಲ ಎಂದು ಬೆರಳು ತೋರಿಸಿದನು. ಕೋಟಿಗಟ್ಟಲೆ ಜನರ ಭದ್ರತೆ ಒಬ್ಬನೇ ಗುಮಾಸ್ತೆಯ ನೆನಪಿನ ಮೇಲೆ ನಿಂತಿತ್ತೆಂದರೆ, ಹಾಗೆ ನಿಲ್ಲಿಸಿದವನು ಯಾರು?

ಮೂರನೆಯದು: ಕಳ್ಳನನ್ನು ಬೈಯಿರಿ, ನಮ್ಮನ್ನಲ್ಲ. ಕಳ್ಳನನ್ನು ಹಿಡಿಯುವುದು ಪೊಲೀಸರ ಕೆಲಸ, ಹಿಡಿಯಲಿ. ಆದರೆ ಊರವರ ಒಡವೆಯನ್ನು ಒತ್ತೆ ಇಟ್ಟುಕೊಂಡ ಸಾಹುಕಾರ ಬಾಗಿಲು ಹಾಕದೆ ಜಾತ್ರೆಗೆ ಹೋದರೆ, ಒಡವೆ ಕಳಕೊಂಡವರು ಸಾಹುಕಾರನನ್ನು ಕೇಳದೆ ಯಾರನ್ನು ಕೇಳಬೇಕು?

ಕಾನೂನು ಯಾರ ಪಾಲಿಗೆ?

ಈಗ ನಮ್ಮ ದೇಶದ ಕಾಯಿದೆಗೆ ಬರೋಣ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಲ್ಲಿ 43ಎ ಎಂಬ ಕಲಮು ಸೇರಿತು. ಜನರ ಸೂಕ್ಷ್ಮ ವಿವರಗಳನ್ನು ಅಜಾಗ್ರತೆಯಿಂದ ಇಟ್ಟು ನಷ್ಟ ಮಾಡಿದ ಕಂಪೆನಿ, ನಷ್ಟ ಹೊಂದಿದವನಿಗೇ ಪರಿಹಾರ ಕೊಡಬೇಕು ಎಂಬುದು ಅದರ ಸಾರ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಹೊಸ ಕಾಯಿದೆ ಬಂತು. ರಕ್ಷಣೆಯ ಏರ್ಪಾಡು ಮಾಡದವನಿಗೆ 250 ಕೋಟಿ ರೂಪಾಯಿಯವರೆಗೆ ದಂಡವೆಂದು ಡಂಗುರ ಸಾರಿದರು. ಕೇಳಲು ಇಂಪಾಗಿದೆ. ಆದರೆ ದಂಡದ ಹಣ ಹೋಗುವುದು ಎಲ್ಲಿಗೆ? ಭಾರತದ ಸಂಚಿತ ನಿಧಿಗೆ! ಕಳಕೊಂಡವನ ಕೈಗೆ ಒಂದು ಬಿಡಿಗಾಸೂ ಇಲ್ಲ. ಅಷ್ಟೇ ಅಲ್ಲ, ಪರಿಹಾರ ಕೊಡಿಸುತ್ತಿದ್ದ ಆ 43ಎ ಕಲಮನ್ನೇ ಕಿತ್ತುಹಾಕಬೇಕೆಂದು ಇದೇ ಕಾಯಿದೆಯ 44ನೆಯ ಕಲಮು ವಿಧಿಸಿದೆ. ಹುರುಳಿಲ್ಲದ ದೂರು ಕೊಟ್ಟೆ ಎಂದು ತೀರ್ಮಾನವಾದರೆ ದೂರು ಕೊಟ್ಟವನಿಗೇ 10,000 ರೂಪಾಯಿಯವರೆಗೆ ದಂಡ ಹಾಕಲೂ ಅವಕಾಶವಿದೆ. ಪಿ.ಎಫ್. ಕಾಗದ ಬೀದಿಗೆ ಬಿದ್ದ ನೂಲುವ ಕೆಲಸಗಾರ ಕೇಳಲು ಹೋಗಬೇಕಾದರೆ, ಮೊದಲು ಜೇಬು ಮುಟ್ಟಿ ನೋಡಿಕೊಳ್ಳಬೇಕು!

ನಾವೇನು ಕೇಳಬೇಕು?

ಒಂದು: ಸರ್ಕಾರದ ದುಡ್ಡಿನಲ್ಲಿ ಕೊಳ್ಳುವ, ಜನರ ವಿವರ ತುಂಬುವ ಯಾವ ತಂತ್ರಾಂಶವೇ ಆಗಲಿ, ಬೀಗ ಹಾಕಿಯೇ ಬರಬೇಕು. ಬೀಗಕ್ಕೆ ಬೇರೆ ಬೆಲೆ ಕೂಡದು. ಇದನ್ನು ಟೆಂಡರಿನ ಷರತ್ತಿನಲ್ಲಿಯೇ ಬರೆಯಬೇಕು.

ಎರಡು: ದಾಖಲೆ ಹೊರಬಿದ್ದರೆ ಆಯಾ ವ್ಯಕ್ತಿಗೆ ತಿಳಿಸಬೇಕೆಂದು 2023ರ ಕಾಯಿದೆಯೇ ಹೇಳುತ್ತದೆ. ಅದು ಹಾಳೆಯ ಮೇಲೆ ಉಳಿಯಬಾರದು. ನಮ್ಮ ಭಾಷೆಯಲ್ಲಿ, ನಮ್ಮ ಕೈಗೆ ಪತ್ರ ಬರಬೇಕು.

ಮೂರು: ಪರಿಹಾರದ ಹಕ್ಕು ಉಳಿಯಬೇಕು. ದಂಡದಲ್ಲಿ ಮೊದಲ ಪಾಲು ಕಳಕೊಂಡವನದು.

ನಾಲ್ಕು: ಹೊಣೆ ಸಂಸ್ಥೆಯ ಆಡಳಿತದ ಮೇಲೆ ಇರಬೇಕು. ಕೆಳಗಿನ ಗುಮಾಸ್ತೆಯನ್ನು ಬಲಿಕೊಟ್ಟು ಮೇಲಿನವರು ಕೈ ತೊಳೆದುಕೊಳ್ಳುವುದು ಸಲ್ಲದು.

ಸಣ್ಣ ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ನಿಮ್ಮ ಬಿಲ್ಲು, ಗಿರಾಕಿಗಳ ಫೋನ್ ನಂಬರು, ಉದ್ದರಿ ಲೆಕ್ಕ, ಎಲ್ಲವೂ ಈಗ ಯಾರದೋ ಸರ್ವರಿನಲ್ಲಿ ಕೂತಿವೆ. ವರ್ಷದ ಚಂದಾ ಕೇಳಲು ಬರುವ ಏಜೆಂಟನನ್ನು ಕೇಳಿರಿ: ಆ ಸರ್ವರು ಹೊರಗಿನವರಿಗೆ ನೇರ ಕಾಣುತ್ತದೆಯೇ? ಗುಪ್ತಪದ ಇದೆಯೇ? ಕಡೆಯ ಸಲ ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿದ್ದು ಯಾವಾಗ? ತೊದಲಿದರೆ, ಚಂದಾ ಕಟ್ಟುವ ಮುನ್ನ ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕಾರ್ಮಿಕ ಸಂಘಗಳೂ ಇದೇ ಮೂರು ಪ್ರಶ್ನೆಗಳನ್ನು ಮಾಲೀಕನ ಕಚೇರಿಗೂ ಪಿ.ಎಫ್. ಕಚೇರಿಗೂ ಬರೆದು ಕೇಳಲಿ. ಒಬ್ಬನೇ ಕೇಳಿದರೆ ಚೀಟಿ ಕಸದ ಬುಟ್ಟಿಗೆ. ಸಂಘ ಕೇಳಿದರೆ ಉತ್ತರ ಬರೆಯಲೇಬೇಕು.

ಬೆವರು ನಮ್ಮದು, ಲೆಕ್ಕ ನಮ್ಮದು. ಆ ಲೆಕ್ಕವಿಟ್ಟ ಮನೆಯ ಬಾಗಿಲಿಗೆ ಬೀಗ ಹಾಕಿಸುವುದೂ ನಮ್ಮ ಹಕ್ಕೇ. ಅದನ್ನು ಬೇಡುವುದಲ್ಲ, ಕೇಳಿ ಪಡೆಯಬೇಕು.